ದಿನಕ್ಕೆ ನಾಲ್ಕು ಕಳೆ

ತುರ್ವಿಹಾಳ
14 ಸೆಪ್ಟೆಂಬರ್ 2024, ಶನಿವಾರ

ದೀಪಿಕಾಳ ಅಪ್ಪನವರಿಗೆ,

ಜಯಶ್ರೀಯ ನಮಸ್ಕಾರ. ನಾವೆಲ್ಲ ಕ್ಷೇಮ ಎಂದು ಮೊದಲು ಬರೆಯುವುದು ಪದ್ಧತಿ. ಪದ್ಧತಿ ಮುರಿಯಬಾರದೆಂದು ಬರೆದಿದ್ದೇನೆ, ನಂಬಲೇಬೇಕೆಂದೇನೂ ಇಲ್ಲ.

ನಿಮ್ಮ ವಾಸ ಲಾವೋಸ, ನಮ್ಮದಿಲ್ಲಿ ಉಪವಾಸ. ಉಪವಾಸ ಶನಿವಾರ ಮಾತ್ರ. ಪ್ರಾಸಕ್ಕಾಗಿ ವಾರವಿಡೀ ಮಾಡಿದ್ದೇನೆ.

ಫೋನ್ ಇರುವ ಕಾಲದಲ್ಲಿ ಕಾಗದ ಯಾಕೆ ಎನ್ನುತ್ತೀರಿ. ಫೋನ್ ಬಂದರೆ ಅತ್ತೆಯವರು ಸ್ಪೀಕರ್ ಹಾಕಿಸಿಕೊಂಡು ಮಗ್ಗುಲಲ್ಲೇ ಕೂರುತ್ತಾರೆ. ಅವರೆದುರು ನಿಮ್ಮ ಕೆಲಸದ ಹೆಸರು ಎತ್ತುವಂತಿಲ್ಲ. ಹೇಗೂ ನಿಮ್ಮ ಜೊತೆ ಕೆಲಸ ಮಾಡುವ ಗ್ಯಾನಪ್ಪ ರಜೆ ಮುಗಿಸಿ ಸೋಮವಾರ ಅಲ್ಲಿಗೆ ಹೊರಟಿದ್ದಾನೆ. ನೀವು ಅವನ ಕೈಯಲ್ಲಿ ಕಳಿಸಿದ ಫಾರಂ ಅವನ ಕೈಯಲ್ಲೇ ವಾಪಸು ಬರುತ್ತದೆ. ಜೊತೆಗೆ ಇದು.

ಆ ಫಾರಂ ಹತ್ತೊಂಬತ್ತು ದಿನದಿಂದ ಜೋಳದ ಹಿಟ್ಟಿನ ಡಬ್ಬಿಯ ಕೆಳಗಿದೆ. 'ಇಲ್ಲಿ ಸಹಿ ಮಾಡು, ಬರೀ ರೂಢಿಯ ಕಾಗದ' ಎಂದು ನೀವು ಪೆನ್ಸಿಲ್ಲಿನಲ್ಲಿ ಬರೆದಿದ್ದೀರಿ. ನಾನು ಕನ್ನಡ ಮಾಧ್ಯಮದ ಬಿ.ಎ. ಹೌದು. ಆದರೆ ಊರಿನ ಗ್ರಂಥಾಲಯದಲ್ಲಿ ಡಿಕ್ಷನರಿಯ ಧೂಳು ಒರೆಸುವವಳೂ ನಾನೇ. ಒಂದೊಂದೇ ಶಬ್ದ ಹುಡುಕಿ ಓದಿದೆ: 'ಅನಾಹುತವಾದರೆ ಮೊದಲು ಯಾರಿಗೆ ತಿಳಿಸಬೇಕು? ಅವರ ಹೆಸರು, ಸಹಿ.' ಇದು ಭರ್ತಿಯಾಗದಿದ್ದರೆ ಅಕ್ಟೋಬರಿನಿಂದ ನಿಮ್ಮನ್ನು ಇನ್ನೊಂದು ವರ್ಷಕ್ಕೆ ಹೊಲಕ್ಕಿಳಿಸುವುದಿಲ್ಲವಂತೆ. ಮದುವೆಯಾದಾಗಿನಿಂದ ನನ್ನ ಸಹಿಗೆ ಇಷ್ಟು ಕಿಮ್ಮತ್ತು ಬಂದದ್ದು ಇದೇ ಮೊದಲು.

ಕುಂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಮೊನ್ನೆ ಸಿಂಧನೂರು ರಸ್ತೆಯಲ್ಲಿ ಲಾರಿಯ ಟಯರ್ ಸಿಡಿಯಿತು. ನಾನು ಪುಸ್ತಕದ ಕಪಾಟಿನ ಹಿಂದೆ ಕುಕ್ಕರಿಸಿ ಕೂತಿದ್ದೆ. ಐವತ್ತು ವರ್ಷದ ಹಿಂದಿನ ಯುದ್ಧದಲ್ಲಿ ವಿಮಾನದಿಂದ ಉದುರಿಸಿದ, ಪೇರಲಹಣ್ಣಿನಷ್ಟು ದೊಡ್ಡ ಬಾಂಬುಗಳು ಅಲ್ಲಿಯ ಭತ್ತದ ಹೊಲಗಳಲ್ಲಿ ಇನ್ನೂ ಹುದುಗಿವೆ, ಜನ ಅವಕ್ಕೆ 'ಬಾಂಬಿ' ಅನ್ನುತ್ತಾರೆ ಎಂದು ನೀವು ಬರೆದಾಗ, ಗೊಂಬಿಗೆ ಒಳ್ಳೆಯ ಪ್ರಾಸ ಸಿಕ್ಕಿತೆಂದು ನಕ್ಕಿದ್ದೆ. ಮುಂದಿನ ಸಾಲಿನಲ್ಲೇ, ಮಕ್ಕಳು ಅದನ್ನು ಆಟಕ್ಕೆಂದೇ ಎತ್ತಿಕೊಳ್ಳುತ್ತಾರೆ ಎಂದಿತ್ತು. ಅಂದಿನಿಂದ ಆ ಪ್ರಾಸ ನನಗೆ ಬೇಡವಾಗಿದೆ. ನೆಲದ ಮೇಲೆ ಒಲೆ ಹೂಡಿದರೆ ಕೆಳಗಿನದು ಕಾದು ಸಿಡಿಯುತ್ತದೆ ಎಂದೂ ಬರೆದಿದ್ದಿರಿ. ಈಗ ಅಂಗಳದ ನೀರೊಲೆಗೆ ನಾನು ದೂರ ನಿಂತು ಕಡ್ಡಿ ಚಾಚುತ್ತೇನೆ. ಅತ್ತೆಯವರು, "ಒಲಿ ಹಚ್ಚಾಕತ್ತಿಯೋ, ಹಾಯೋ ಎಮ್ಮಿಗೆ ಹುಲ್ಲು ಹಾಕಾಕತ್ತಿಯೋ?" ಎನ್ನುತ್ತಾರೆ.

ಅವರಿಗೆ ಹೇಳಿದ ಸುಳ್ಳಿನಲ್ಲಿ ಮೊದಲ ಪಾಲು ನನ್ನದೇ. ಮಿಲಿಟರಿಯಿಂದ ನಿವೃತ್ತರಾಗಿ ಮತ್ತೆ ಬಾಂಬು ತೆಗೆಯಲು ಹೊರಟಾಗ ಅವ್ವನಿಗೆ ಏನು ಹೇಳಲಿ ಎಂದು ನೀವು ತಡವರಿಸುತ್ತಿದ್ದಿರಿ. "ಅಲ್ಲಿ ನೆಲ್ಲಿನ ಹೊಲ ಅದಾವಂತ ಅತ್ತಿ, ಕಳಿ ತಗಸೋ ಕೆಲಸ" ಎಂದವಳು ನಾನು. ಕಾಲುವೆ ಕೆಳಗಿನ ಭತ್ತದ ಹೊಲಗಳಲ್ಲಿ ನಲವತ್ತು ವರ್ಷ ಕಳೆ ತೆಗೆದು, ಇಂದಿಗೂ ಬಿಡದವರ ಮುಂದೆ ಕಳೆಯದೇ ಸುಳ್ಳು! ಅಕ್ಕಸಾಲಿಗನಿಗೆ ಹಿತ್ತಾಳೆ ತೋರಿಸಿದ ಹಾಗೆ.

ಹೋದ ಚಳಿಗಾಲದಲ್ಲಿ ನೀವು ಖುಷಿಯ ಭರದಲ್ಲಿ ಫೋನಿನಲ್ಲೇ "ಇವತ್ತು ನಾಕು ಕಿತ್ತಿವಿ ಯವ್ವಾ" ಎಂದುಬಿಟ್ಟಿರಿ. ಸಾಲು ಎಣಿಸುವವರುಂಟು, ಹೊರೆ ಎಣಿಸುವವರುಂಟು. ಕಳೆಯನ್ನು ಒಂದು, ಎರಡು ಎಂದು ಎಣಿಸುವವರನ್ನು ಈ ಸೀಮೆ ಕಂಡಿಲ್ಲ. ಫೋನ್ ಇಟ್ಟ ಮೇಲೆ ಅವರು, "ಏನಬೇ ಜಯಾ, ದಿನಕ್ಕ ನಾಕು ಕಳಿ ಅಂತ! ನಾಕು ಹೊರಿ ಅಲ್ಲ, ನಾಕು! ಇಂಥಾ ಮೈಗಳ್ಳಗ ಪರದೇಶದಾಗ ಯಾರು ಕೆಲಸ ಕೊಟ್ರು?" ಎಂದರು. ಅಲ್ಲಿಯ ಕಳೆ ಬಲು ಆಳದ ಬೇರಿನದು ಎಂದೆ. "ಹಂಗಾದ್ರ ಅವಗ ಹೇಳು, ಕಿತ್ತ ನೆಲದಾಗ ಕಾಲು, ಕೀಳದ ನೆಲದಾಗ ಕಣ್ಣು" ಎಂದರು. ನಿಮಗೆ ಕಲಿಸುವ ಮೊದಲ ಪಾಠವೂ ಅದೇ ಅಂತೆ, ಗ್ಯಾನಪ್ಪ ಹೇಳಿದ. ಈ ಮನೆಯಲ್ಲಿ ಪ್ರಾಸ ನನ್ನೊಬ್ಬಳ ಸ್ವತ್ತೆಂದು ತಿಳಿದಿದ್ದೆ.

ಇನ್ನು ನೀವು ಮುಚ್ಚಿಟ್ಟದ್ದು. ಜೂನಿನಿಂದ ಎರಡು ಮಾತಿಗೊಮ್ಮೆ "ಹಾಂ? ಹಾಂ?" ಅನ್ನುತ್ತಿದ್ದೀರಿ. ನೆಟ್‌ವರ್ಕ್ ಸರಿಯಿಲ್ಲ ಎಂದಿರಿ. ನಾನು ಮಾಳಿಗೆ ಹತ್ತಿ ಕೂಗಿದೆ. ನನ್ನ ಮಾತು ನಿಮಗೆ ಬಿಟ್ಟು ಊರಿಗೆಲ್ಲ ಕೇಳಿಸಿತು. ಹೋದ ಭಾನುವಾರ ಗ್ಯಾನಪ್ಪ ಗುರುಗುಂಟಾದಿಂದ ಬೈಕಿನಲ್ಲಿ ಬಂದಾಗಲೂ ಟವರಿಗೆ ಬೈಯುತ್ತಲೇ ಚಹಾ ಕೊಟ್ಟೆ. "ಟವರಿಗ್ಯಾಕ ಬೈತೀ ಯಕ್ಕಾ? ಅಣ್ಣನ ಬಲಗಿವಿಗೇ ಸಿಗ್ನಲ್ ಇಲ್ಲ" ಎಂದು ನಕ್ಕು, ಆಮೇಲೆ ನಾಲಿಗೆ ಕಚ್ಚಿಕೊಂಡ. ಬಿಡಲಿಲ್ಲ ನಾನು. ಪಕ್ಕದ ಸಾಲಿನಲ್ಲಿ ಒಂದು ಸಿಡಿದದ್ದು, ಆ ಸಾಲಿನ ಮನುಷ್ಯ ಮನೆಗೆ ಮರಳದ್ದು, ನೀವು ಮರುವಾರವೇ ಮತ್ತೆ ಇಳಿದದ್ದು, ಡಾಕ್ಟರ ತುಟಿ ನೋಡಿ ಉತ್ತರ ಕೊಟ್ಟು ಪಾಸಾದದ್ದು, ಎಲ್ಲ ಹೇಳಿದ. ನೆಲದೊಳಗೆ ಲೋಹ ಇದ್ದರೆ ಯಂತ್ರ ಕುಂಯ್‌ಗುಡುತ್ತದಂತೆ. ಅದನ್ನು ಕೇಳುವ ಕೆಲಸಕ್ಕೆ ನೀವು ಒಂದೇ ಕಿವಿ ಒಯ್ಯುತ್ತಿದ್ದೀರಿ.

ಫಾರಂನಲ್ಲಿ 'ದೇಹದ ಊನ' ಎಂಬಲ್ಲಿ ನಿಮ್ಮ ಮುದ್ದಾದ ಅಕ್ಷರದಲ್ಲಿ 'ನಿಲ್' ಎಂದಿತ್ತು. ನಾನದನ್ನು ಹೊಡೆದುಹಾಕಿ, ಡಿಕ್ಷನರಿ ನೋಡಿ, 'ಬಲಗಿವಿ ಕೇಳಿಸುವುದಿಲ್ಲ' ಎಂದು ಇಂಗ್ಲಿಷಿನಲ್ಲೇ ಬರೆದಿದ್ದೇನೆ. ಗೊತ್ತಾದರೆ ಸಾಲಿಗೆ ಬಿಡುವುದಿಲ್ಲವಂತೆ. ಹಳ್ಳಿ ಹಳ್ಳಿ ತಿರುಗಿ, ಕಂಡದ್ದನ್ನು ಮುಟ್ಟಬೇಡಿ ಎಂದು ಜನರಿಗೆ ತಿಳಿಹೇಳುವ ಕೆಲಸಕ್ಕೆ ಹಾಕಬಹುದು, ಇಲ್ಲವೆ ಮನೆಗೆ ಕಳಿಸಬಹುದು. ಎರಡೂ ನನಗೆ ಒಪ್ಪಿಗೆ. ಸಿಟ್ಟು ಬಂದರೆ ಬಂದು ಬೈಯಿರಿ. ನಿಮ್ಮ ಎಡಗಿವಿಯ ಕಡೆ ನಿಂತು ತಿರುಗಿ ಬೈಯುತ್ತೇನೆ.

ಸಹಿ ಮಾತ್ರ ಮಾಡಿಲ್ಲ. ಮೂರು ಸಲ ಪೆನ್ನು ಹಿಡಿದೆ. ಅಲ್ಲಿ ನನ್ನ ಹೆಸರು ಬರೆದರೆ ಆ ಸುದ್ದಿಗೆ ನಾನೇ ಬಾಗಿಲು ತೆರೆದಿಟ್ಟಂತೆ ಅನ್ನಿಸಿತು. ಖಾಲಿಯೇ ಕಳಿಸುತ್ತಿದ್ದೇನೆ. ಅತ್ತೆಯವರಿಗೆ ಇದಾವುದೂ ಗೊತ್ತಿಲ್ಲ. ಗ್ಯಾನಪ್ಪ ಹೇಳುವಾಗ ಅವರು ಹೊರಗೆ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದರು. ನೀವೂ ಬಾಯಿ ಬಿಡಬೇಡಿ.

ನೆಟ್‌ವರ್ಕ್ ಸರಿಯಿರುವ ನಿಮ್ಮ
ಜಯಶ್ರೀ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇಷ್ಟು ಸೇರಿಸಬೇಕಾಗಿದೆ. ಗ್ಯಾನಪ್ಪ ಕಾಗದ ಒಯ್ಯಲು ಬಂದ. ನಾನು ಅಂಟು ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಅತ್ತೆಯವರು ಅವನೆದುರು ಕೂತು, "ಲೇ ಗ್ಯಾನಪ್ಪಾ, ಕಳಿ ಸಿಡದ್ರ ಕಿವಿ ಹೋಗತೈತೇನಲೇ?" ಎಂದು ಕೇಳುತ್ತಿದ್ದರು. ಅವನು ನನ್ನ ಮುಖ ನೋಡಿದ. ನಾನು ಅಂಟಿನ ಡಬ್ಬಿ ನೋಡಿದೆ. "ನಾಕು ಅಂದಾಗ್ಲೇ ನನಗ ತಿಳೀತು. ನೀ ಹೆದರೀದಿ ಅಂತ ಸುಮ್ಮಿದ್ದೆ" ಎಂದರು ನನಗೆ. ಆಮೇಲೆ, ಆ ದೇಶದಲ್ಲಿ ಭತ್ತದ ಹೊಲದ ಕಳೆ ಯಾರು ತೆಗೆಯುತ್ತಾರೆ ಎಂದು ಅವನನ್ನು ಕೇಳಿದರು. "ಹೆಣ್ಮಕ್ಕಳೇ ಯವ್ವಾ" ಎಂದ. "ಹಂಗಾದ್ರ ನನ್ನಂಥಾರ ಕೈಗೇ ಸಿಗತಾವು ಅವು" ಎಂದರು. ಕಡೆಗೆ ನನ್ನ ಚೀಲದಿಂದ ಗ್ರಂಥಾಲಯದ ಇಂಕ್‌ಪ್ಯಾಡ್ ತೆಗೆಸಿ, ನಾನು ಖಾಲಿ ಬಿಟ್ಟಲ್ಲಿ ಹೆಬ್ಬೆಟ್ಟು ಒತ್ತಿದರು. "ಕಿವಿ ತೋರಿಸಿ, ಅವರು ಹೇಳಿದ ಕೆಲಸ ಮಾಡ್ಲಿ. ಸುದ್ದಿ ಏನರ ಇದ್ರ ನನಗ ಮೊದ್ಲು ಬರ್ಲಿ. ನಿನಗ ನಾ ಹೇಳ್ತೀನಿ."

ಹೆಸರು ನಾನೇ ಬರೆದೆ: ತಿಮ್ಮವ್ವ, ತಾಯಿ. ಗುರುತಿನ ಅಂಚಿಗೆ ಮಣ್ಣು ಮೆತ್ತಿದೆ, ಒರೆಸಿಲ್ಲ. ಬೆಳಿಗ್ಗೆ ಕಳೆಗೆ ಹೋಗಿ ಬಂದ ಕೈ.