ಜೋಡಿಯಿಲ್ಲದ ಕೈಗವಸು

ಭಾನುವಾರ, ಸಂಜೆ

ಪ್ರೀತಿಯ ಅಕ್ಕನಿಗೆ,

ನಿನ್ನ ಮಂಡಿನೋವನ್ನು ಪ್ರಭು ಸ್ವಲ್ಪವಾದರೂ ಕಡಿಮೆ ಮಾಡಲಿ ಎಂದು ಬೇಡಿಕೊಳ್ಳುತ್ತಾ ನಿನ್ನ ತಂಗಿ ಮಾಡುವ ವಂದನೆ.

ನಿನ್ನ ಕಾಗದ ತಲುಪಿತು. ಆ ರೂಮು ಖಾಲಿ ಮಾಡಿ ಬಾ, ನಮ್ಮ ಜೊತೆಗೇ ಇದ್ದುಬಿಡು ಎಂದು ಬರೆದಿದ್ದೀಯ. ತಿಂಗಳ ಕೊನೆಯೊಳಗೆ ಉತ್ತರ ಬೇಕೆಂದು ಗದರಿಸಿಯೂ ಇದ್ದೀಯ. ಓದಿದ ಕೂಡಲೇ ಬಟ್ಟೆ ಮಡಚಲು ಶುರು ಮಾಡಿದೆ, ಸುಳ್ಳೇಕೆ ಹೇಳಲಿ.

ರೂಮೇನೋ ಚೆನ್ನಾಗಿಯೇ ಇದೆ. ಕೆಳಗೆ ಕನ್ನಡಕದ ಅಂಗಡಿ, ಮೇಲೆ ನಾನು. ಒಲೆ, ನಲ್ಲಿ, ಕಿಟಕಿ ಎಲ್ಲ ಕೂತಲ್ಲಿಂದಲೇ ಕೈಗೆಟಕುತ್ತವೆ. ಮಾತಾಡಲು ಮಾತ್ರ ಯಾರೂ ಕೈಗೆಟಕುವುದಿಲ್ಲ. ನಮ್ಮೋರು ತೀರಿಹೋದ ಮೇಲೆ ಚರ್ಚಿನ ಮನೆಯನ್ನು ಹೊಸ ಪಾಸ್ಟರಿಗೆ ಬಿಟ್ಟುಕೊಡಲೇಬೇಕಿತ್ತು, ಅದರಲ್ಲಿ ಯಾರ ತಪ್ಪೂ ಇಲ್ಲ. ಆದರೆ ಮದುವೆಯಾಗಿ ಬಂದ ದಿನದಿಂದ ಸಭೆಯವರೆಲ್ಲ ನನ್ನನ್ನು ಪಾಸ್ಟರಮ್ಮ ಎಂದೇ ಕರೆದದ್ದು. ಈಗ ಚರ್ಚಿನ ಬಾಗಿಲಲ್ಲಿ ಯಾರಾದರೂ ಪಾಸ್ಟರಮ್ಮಾ ಎಂದರೆ ನಾನೂ ತಿರುಗುತ್ತೇನೆ, ಹೊಸ ಪಾಸ್ಟರ ಹೆಂಡತಿಯೂ ತಿರುಗುತ್ತಾಳೆ. ಕರೆದವರು ಅವಳ ಕಡೆ ಹೋಗುತ್ತಾರೆ. ನಾನು ಬ್ಯಾಗಿನಲ್ಲಿ ಏನೋ ಹುಡುಕುವವಳ ಹಾಗೆ ನಿಲ್ಲುತ್ತೇನೆ. ಕೆಲವರು ಗೊಂದಲ ಬೇಡವೆಂದು ನನ್ನನ್ನು ಹಳೇ ಪಾಸ್ಟರಮ್ಮ ಅನ್ನುತ್ತಾರೆ, ಹಳೇ ಕುರ್ಚಿ ಅಂದ ಹಾಗೆ.

ಇನ್ನು ಇವತ್ತಿನ ಕಥೆ ಕೇಳು. ಸಂಡೇ ಸ್ಕೂಲು ಇನ್ನೂ ನನ್ನ ಕೈಯಲ್ಲೇ ಇದೆ. ಹೊಸ ಪಾಸ್ಟರು ಲ್ಯಾಪ್‌ಟಾಪ್ ತಂದಿಟ್ಟು, ಮಕ್ಕಳಿಗೆ ಈ ಕಾರ್ಟೂನ್ ಸಿನಿಮಾ ತೋರಿಸಿ, ಆಮೇಲೆ ‘ನಾನು ಯಾರು’ ಅನ್ನುವ ಪಾಠ ಮಾಡಿ ಎಂದರು. ನನಗೆ ಮೈಯೆಲ್ಲ ಉರಿಯಿತು. ಸಿನಿಮಾದ ತುಂಬ ಮಾತಾಡುವ ಒಂದು ಕೈಗವಸು! ಬೈಬಲಿನಲ್ಲಿ ಅಷ್ಟು ಜನ ಇರುವಾಗ ಕೈಗವಸಿನಿಂದ ಪಾಠ ಕಲಿಯುವ ಗತಿ ಬಂತೇ ಅನ್ನಿಸಿತು.

ಅದು ಉಣ್ಣೆಯದು, ಜೋಡಿ ಎಲ್ಲೋ ಕಳೆದುಹೋಗಿರುತ್ತದೆ. ಪಾಪದ್ದು, ಹಾಲಿನ ಬಾಟಲಿಗೆ ಟೋಪಿಯಾಗಲು ಹೋಗುತ್ತದೆ, ಬೆಕ್ಕಿನ ಮರಿಗೆ ಹಾಸಿಗೆಯಾಗಲು ಹೋಗುತ್ತದೆ, ಎಲ್ಲ ಕಡೆಯೂ ಬೈಸಿಕೊಂಡು ಆಚೆ ಬೀಳುತ್ತದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ಕೊನೆಗೆ ಅದನ್ನು ಹೆಣೆದ ಮುದುಕಿಯ ಕೈಗೇ ಸಿಗುತ್ತದೆ. ನಾನು ಬರೀ ಅರ್ಧ ಜೋಡಿ, ಎಸೆದುಬಿಡು ಎಂದು ಅಳುತ್ತದೆ. ಮುದುಕಿ ಹೇಳುತ್ತಾಳೆ: “ನಾನು ಜೋಡಿಯೆಂದು ಹೆಣೆಯಲಿಲ್ಲ ಮಗಾ. ಮೊದಲು ನಿನ್ನನ್ನೇ ಹೆಣೆದೆ.”

ಸದ್ಯ, ಲೈಟು ಆರಿಸಿದ್ದರು, ಮಾನ ಉಳಿಯಿತು. ನನ್ನ ಕೆನ್ನೆಯೆಲ್ಲ ಒದ್ದೆಯಾಗಿತ್ತು.

ಕಣ್ಣೊರೆಸಿಕೊಂಡು ಪಾಠ ಶುರು ಮಾಡಿದೆ. ಯಾರ ಮಗ, ಯಾರ ಮಗಳು, ಎಷ್ಟು ಮಾರ್ಕು ಅನ್ನುವುದೆಲ್ಲ ಆಮೇಲಿನದು. ತಾಯಿಯ ಹೊಟ್ಟೆಯಲ್ಲಿ ನಮಗೆ ರೂಪ ಕೊಟ್ಟ ದೇವರಿಗೆ ನಾವು ಮೊದಲೇ ಗೊತ್ತು. ಯೇಸು ಪ್ರಾಣ ಕೊಟ್ಟದ್ದು ನಮ್ಮ ಪದವಿ ನೋಡಿ ಅಲ್ಲ, ನಮ್ಮನ್ನು ನೋಡಿ ಎಂದೆ. ಚೆನ್ನಾಗಿಯೇ ಹೇಳಿದೆ ಕಣೇ. ಆಗ ಬೇಕರಿಯವನ ಕೊನೆಯ ಮಗಳು, ಮಹಾ ಬಾಯಿಬಡುಕಿ, ಎದ್ದು ನಿಂತಳು. “ಟೀಚರ್, ಹಾಗಾದ್ರೆ ನೀವು ಯಾರು?”

ನನ್ನ ಬಾಯಿಂದ ಬಂದದ್ದು “ಪಾಸ್ಟರಮ್ಮ.”

ಮಕ್ಕಳೆಲ್ಲ ಬಾಗಿಲ ಕಡೆ ನೋಡಿದರು. ಅಲ್ಲಿ ಹೊಸ ಪಾಸ್ಟರ ಹೆಂಡತಿ ಬಿಸ್ಕತ್ತಿನ ತಟ್ಟೆ ಹಿಡಿದು ನಿಂತಿದ್ದಳು. ಪಾಸ್ಟರಮ್ಮ ಅವರಲ್ವಾ ಎಂದು ಯಾವುದೋ ಮಗು ಕೇಳಿತು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಎಲ್ಲರೂ ಹೋದ ಮೇಲೆ ಅವಳು ನನ್ನ ಜೊತೆ ಕುರ್ಚಿ ಜೋಡಿಸಲು ನಿಂತಳು. ಕೊನೆಯ ಕುರ್ಚಿ ಇಟ್ಟು, ನಿಮ್ಮ ಹೆಸರೇನು ಎಂದು ಕೇಳಿದಳು. ಅಪ್ಪ ಇಟ್ಟ ಹೆಸರು ಹೇಳಿದೆ. ಬೇರೆ ಯಾರದೋ ಹೆಸರಿನ ಹಾಗೆ ಕೇಳಿಸಿತು. ನಿನ್ನದೇನಮ್ಮ ಎಂದೆ. ಅವಳ ಕಣ್ಣು ತುಂಬಿಬಂತು.

“ಇಲ್ಲಿಗೆ ಬಂದ ಮೇಲೆ ಕೇಳಿದ್ದು ನೀವೊಬ್ಬರೇ.”

ನಾನು ಬಿಟ್ಟುಕೊಡಲಾರದೆ ಒದ್ದಾಡುತ್ತಿದ್ದ ಪಟ್ಟ ಆ ಹುಡುಗಿಗೆ ಭಾರವಾಗಿತ್ತು ನೋಡು. ಮುಂದಿನ ಭಾನುವಾರದಿಂದ ಇಬ್ಬರೂ ಸೇರಿ ಪಾಠ ಮಾಡೋಣ ಎಂದಿದ್ದೇನೆ.

ಅದಕ್ಕೇ ಅಕ್ಕಾ, ನಾನು ಬರುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡ. ನಿನ್ನ ಮನೆಯಲ್ಲಿ ಯಾವುದಕ್ಕೂ ಕೊರತೆಯಾಗದು, ಗೊತ್ತು. ಆದರೆ ಅಲ್ಲಿ ಸೊಸೆಗೆ ಚಿಕ್ಕತ್ತೆ, ಮೊಮ್ಮಕ್ಕಳಿಗೆ ಚಿಕ್ಕಜ್ಜಿ ಆಗಿ, ಆ ಕೈಗವಸಿನ ಹಾಗೆ ಇನ್ನೊಂದು ಬಾಟಲಿಯ ಮೇಲೆ ಹತ್ತಿ ಕೂತುಬಿಡುತ್ತೇನೆ. ನಮ್ಮೋರಿಲ್ಲದೆ ನಾನು ಯಾರು ಅನ್ನುವುದು ದೇವರಿಗೆ ಗೊತ್ತು, ನನಗಿನ್ನೂ ಗೊತ್ತಿಲ್ಲ. ಇಲ್ಲೇ ಇದ್ದು ತಿಳಿದುಕೊಳ್ಳುತ್ತೇನೆ. ಭಯವಂತೂ ಆಗುತ್ತಿದೆ.

ಭಾವನಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು.

ಇಂತಿ,
ನಿನ್ನ ಮೊಂಡು ತಂಗಿ

ಇನ್ನೊಂದು ಮಾತು: ಕಾಗದ ಸಿಕ್ಕಿದ ಕೂಡಲೇ ಫೋನ್ ಮಾಡು. ಹೆಸರು ಹಿಡಿದು ಕರೆದು, ಊಟ ಆಯ್ತಾ ಎಂದು ಕೇಳು, ಅಷ್ಟು ಸಾಕು. ಬಾ ಎಂದು ಮಾತ್ರ ಅನ್ನಬೇಡ. ಅಂದರೆ ಬಂದುಬಿಡುತ್ತೇನೆ.