ಲೀಯಾಬಾಯಿಗೆ ಒಂದು ಕಲ್ಲು

ವರ್ತಕ ನಗರ, ಠಾಣೆ

ಪ್ರೀತಿಯ ಅಕ್ಕಾ,

ಫೋನಿನಲ್ಲಿ ನಿನಗೆ ಸರಿಯಾಗಿ ಕೇಳಿಸುವುದಿಲ್ಲ, ಅದಕ್ಕೇ ಈ ಕಾರ್ಡು. ಪಕ್ಕದ ಫ್ಲ್ಯಾಟಿನ ನನ್ನ ಯಹೂದಿ ಗೆಳತಿ ಲೀಯಾಬಾಯಿ ಹೋದ ತಿಂಗಳು ತೀರಿಕೊಂಡಳು. ನಿನ್ನೆ ಅವಳ ಗಂಡನ ಜೊತೆ ಅವರ ಹಳೆಯ ಸ್ಮಶಾನಕ್ಕೆ ಹೋಗಿದ್ದೆ. ನಮ್ಮಲ್ಲಿ ಹೆಂಗಸರು ಹೋಗುವುದಿಲ್ಲ, ಗೊತ್ತು, ಬೈಯಬೇಡ. ಎಷ್ಟೋ ತಲೆಮಾರಿನ ಗೋರಿಗಳು, ಹೀಬ್ರೂ ಬರಹದ ಕೆಳಗೆ ಮರಾಠಿ. ಮಾಟುಂಗಾದಿಂದ ತರಿಸಿದ್ದ ಮಲ್ಲಿಗೆ ಚೆಂಡನ್ನು ಇಡಲು ಬಗ್ಗಿದೆ.

“ಫುಲಾ ನಕೋತ್, ವಹಿನಿ. ಆಮ್ಚ್ಯಾತ್ ದಗಡ್ ಠೇವ್ತಾತ್,” ಎಂದು ಅವರು ಮೆಲ್ಲನೆ ತಡೆದರು. ಹೂವಲ್ಲ, ಕಲ್ಲು ಇಡುವುದಂತೆ ಅವರ ಕ್ರಮ. ಹುಡುಕಿದರೆ ನನಗೆ ಸಿಕ್ಕಿದ್ದು ಯಾವುದೋ ಕಟ್ಟಡದ ಜಲ್ಲಿ ಚೂರು. ಅದನ್ನೇ ಇಟ್ಟು ಬಂದೆ, ಮನಸ್ಸು ಒಪ್ಪಲಿಲ್ಲ. ಮಲ್ಲಿಗೆ ಫ್ರಿಜ್ಜಿನಲ್ಲಿದೆ, ಮುಡಿಯುವವರಿಲ್ಲ.

ಮೊಣಗಂಟಿನ ನೋವು ಪರವಾಗಿಲ್ಲ. ಅಕ್ಷಿತ್, ಸೊಸೆ ಬೆಳಿಗ್ಗೆ ಲೋಕಲ್ ಹಿಡಿದರೆ ಮನೆಗೆ ಬರುವುದು ರಾತ್ರಿಯೇ.

ಕಾರ್ಡು ತುಂಬಿತು. ಈ ಸಲ ಬಸ್ಸಿನಲ್ಲಿ ಹಲಸಿನ ಹಪ್ಪಳ ಕಳಿಸಬೇಡ. ನನ್ನ ಜೊತೆ ಕೂತು ತಿನ್ನುತ್ತಿದ್ದವಳು ಲೀಯಾಬಾಯಿ ಒಬ್ಬಳೇ. ಮನೆಯ ಹಿಂದಿನ ಹೊಳೆಯಿಂದ ಒಂದು ನುಣುಪು ಕಲ್ಲು ಕಳಿಸು.

ನಿನ್ನ
ಜಯಲತಾ