ಬೋನಾಳದಿಂದ ಬಂದ ಜೋಗುಳ

ಶಹಾಪುರ
೧೦ ಸೆಪ್ಟೆಂಬರ್ ೨೦೨೫, ಬುಧವಾರ

ಮಗಳು ಭಾಗ್ಯಳಿಗೆ,

ನಿನ್ನ ಚಿಗವ್ವ ಪರಿಮಳಾ ಬರೆಯುತ್ತಿರುವುದು. ಇಲ್ಲಿ ಎಲ್ಲ ಕ್ಷೇಮ ಎಂದು ಮೊದಲ ಸಾಲು ಬರೆದು ಹೊಡೆದುಹಾಕಿದ್ದೇನೆ. ಗಾಬರಿಯಾಗಬೇಡ, ನನ್ನ ಮೈಗೆ ಏನೂ ಆಗಿಲ್ಲ, ಬಿಪಿ ಗುಳಿಗೆಯನ್ನೂ ತಪ್ಪಿಸಿಲ್ಲ. ಆದರೆ ಕ್ಷೇಮ ಎಂದು ಬರೆಯಲು ಕೈ ಏಳಲಿಲ್ಲ.

ದಿನಾ ಫೋನಿನಲ್ಲಿ ಮಾತಾಡುವ ಚಿಗವ್ವನಿಗೆ ಪತ್ರ ಬರೆಯುವಂಥದ್ದೇನಾಯಿತು ಎಂದು ನಿನಗೆ ಅನ್ನಿಸಬಹುದು. ಫೋನ್ ಮಾಡಿದರೆ ನೀನು ವಾರ್ಡಿನ ಬಾಗಿಲಲ್ಲಿ ನಿಂತು ಕೇಳುತ್ತೀ. ಅಷ್ಟರಲ್ಲಿ ಯಾರೋ "ಸಿಸ್ಟರ್, ಸಲಾಯಿನ್ ಮುಗೀತು" ಎಂದು ಕೂಗುತ್ತಾರೆ, ನೀನು ಓಡುತ್ತೀ. ಇದು ಕುಳಿತು ಓದಬೇಕಾದ ಸಂಗತಿ.

ಮಹಾನವಮಿ ಅಮಾವಾಸ್ಯೆ ಹತ್ತಿರ ಬಂತು. ಪ್ರತಿ ವರ್ಷ ನೀನು ರಾಯಚೂರಿನ ನಿನ್ನ ಮನೆಯಲ್ಲಿ ಹಡೆದವ್ವನ ಹೆಸರಿನಲ್ಲಿ ಹೊಸ ಸೀರೆ ಇಟ್ಟು ಎಡೆ ಮಾಡುತ್ತೀ. ಫೋಟೋ ಇಲ್ಲದ ತಾಯಿಗೆ ಎಡೆ ಇಡುವಾಗ ನಿನ್ನ ಕಣ್ಣು ಎಲ್ಲಿ ನೋಡಬೇಕೆಂದು ತಿಳಿಯದೆ ಸುತ್ತುವುದನ್ನು ನಾನು ನೋಡಿದ್ದೇನೆ. ಈ ಸಲ ಎಡೆ ಇಡುವ ಮುಂಚೆ ನಿನಗೆ ಇದು ಗೊತ್ತಿರಬೇಕು. ಆಮೇಲೆ ಇಡುವುದು ಬಿಡುವುದು ನಿನಗೆ ಬಿಟ್ಟದ್ದು.

ನಿವೃತ್ತಿಯಾದ ಮೇಲೆ ನಾನು ಗೋಡೆಗಳ ಜೊತೆ ಮಾತಾಡುತ್ತೇನೆ ಎಂದು ಬೈದು, ಧಾರವಾಡದವರು ನಡೆಸುವ ನಿವೃತ್ತರ ಆನ್‌ಲೈನ್ ತರಗತಿಗೆ ನನ್ನ ಹೆಸರು ಹಚ್ಚಿದವಳು ನೀನೇ. ಮಂಗಳವಾರ, ಶುಕ್ರವಾರ ಮಧ್ಯಾಹ್ನ ನಾಲ್ಕಕ್ಕೆ ಹಾಡಿನ ಪಾಠ. ಗೋಗಿಯ ಶಾಲೆಯಲ್ಲಿ ಜೀವಮಾನವಿಡೀ ಮಕ್ಕಳಿಗೆ "ಕೈ ಕಟ್ಟಿ ಕುಂದರ್ರಿ" ಎಂದವಳು ಈಗ ಫೋನಿನ ಮುಂದೆ ಕೈ ಎತ್ತಿ, ಮಾತಾಡಲೇ ಎಂದು ಅಪ್ಪಣೆ ಕೇಳುತ್ತೇನೆ. ಪಾಠ ಹೇಳುವ ಉಮಾ ನಿನಗಿಂತ ಬಹಳ ಸಣ್ಣವಳು. ಯಾದಗಿರಿಯ ಮರಿಲಿಂಗಪ್ಪ ಎಂಬ ನಿವೃತ್ತ ಕಂಡಕ್ಟರ್ ಒಬ್ಬರಿದ್ದಾರೆ. ಅವರು ಫೋನನ್ನು ಟೇಬಲ್ ಮೇಲೆ ಅಂಗಾತ ಮಲಗಿಸಿ ಹಾಡುತ್ತಾರೆ, ನಮಗೆಲ್ಲ ಅವರ ಮನೆಯ ಫ್ಯಾನ್ ಮಾತ್ರ ಕಾಣುತ್ತದೆ. "ಫ್ಯಾನ್ ಛಲೋ ಹಾಡಾಕತ್ತದ ನೋಡ್ರಿ" ಎಂದು ನಾವು ನಗುತ್ತೇವೆ. ಭಾಗಿ, ನಾನು ಅಲ್ಲಿ ನಿಜವಾಗಿಯೂ ನಗುತ್ತಿದ್ದೆ.

ಹೋದ ತಿಂಗಳು ಉಮಾ, ಒಬ್ಬೊಬ್ಬರೂ ತಮ್ಮ ಊರಿನ ಒಂದೊಂದು ಜೋಗುಳ ಹಾಡಬೇಕು ಎಂದಳು. ಬೋನಾಳದ ದೇವಕಮ್ಮನ ಸರದಿ ಬಂತು. ಅಂಗನವಾಡಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ತಣ್ಣನೆಯ ಸ್ವಭಾವದ ಹೆಂಗಸು. ಅವರ ಮನೆ ಕೆರೆಯ ಕಡೆ ಇರುವುದರಿಂದ ಅವರು ಮಾತಾಡಿದಾಗಲೆಲ್ಲ ಹಕ್ಕಿಗಳ ಗಲಾಟೆಯೂ ಬರುತ್ತದೆ. ಅವರು ಸೆರಗು ಸರಿ ಮಾಡಿಕೊಂಡು, ಕಣ್ಣು ಮುಚ್ಚಿ ಹಾಡಿದರು:

ಹೊಳಿಗಿ ನಿದ್ದಿ ಬಂತ, ಹೊಲಕ ನಿದ್ದಿ ಬಂತ
ಎಳಿಗೂಸ ಭಾಗಿ ಮಲಗವ್ವ, ತವರಿಗಿ
ಬೆಳಗಾದ ಮ್ಯಾಲ ಹೋಗೂನು

ಆ ಹೊತ್ತಿಗೆ ಸರಿಯಾಗಿ ಅವರ ನೆಟ್‌ವರ್ಕ್ ಕೆಟ್ಟಿತು. ಚಿತ್ರ ನಿಂತುಬಿಟ್ಟಿತು, ದನಿ ಮಾತ್ರ ಬರುತ್ತಿತ್ತು. ಅಲುಗಾಡದ ಒಂದು ಮುಖದಿಂದ ಆ ಹಾಡು ಬರುವುದನ್ನು ತಡೆಯಲಾಗದೆ ನಾನು ಫೋನ್ ಬೋರಲು ಹಾಕಿದೆ. ಬೋರಲು ಹಾಕಿದರೂ ಹಾಡು ನಿಲ್ಲಲಿಲ್ಲ.

ಆ ಹಾಡು ನಿನಗೆ ನೆನಪಿರಲಿಕ್ಕಿಲ್ಲ. ಅದು ಊರ ಹಾಡಲ್ಲ, ನನ್ನ ಅಕ್ಕ ತಿಮ್ಮವ್ವ, ನಿನ್ನ ತಾಯಿ, ತಾನೇ ಕಟ್ಟಿದ್ದು. ಕೊನೆಯ ಸಲ ನಿನ್ನನ್ನು ಎತ್ತಿಕೊಂಡು ಹೊಳೆ ದಂಡೆಯ ಗಂಡನ ಮನೆಯಿಂದ ಓಡಿ ಬಂದಾಗ, ಪಡಸಾಲೆಯಲ್ಲಿ ನಿನ್ನನ್ನು ತೊಡೆಯ ಮೇಲೆ ಹಾಕಿಕೊಂಡು ಹಾಡುತ್ತಿದ್ದಳು. ಅವಳ ಬೆನ್ನ ಮೇಲೆ ಬರೆ ಇದ್ದವು. ನಾನು ಆಗ ಕಾಲೇಜು ಹುಡುಗಿ. ನಮ್ಮ ಅಪ್ಪ, ಅಂದರೆ ನಿನ್ನ ಮುತ್ಯಾ, ಅವಳನ್ನು ಮನೆಯಲ್ಲಿ ಇಟ್ಟುಕೊಳ್ಳಲಿಲ್ಲ. "ಕೊಟ್ಟ ಹೆಣ್ಣು, ಅಲ್ಲೇ ಇರಬೇಕು" ಎಂದು ತಾನೇ ಬಸ್ಸಿಗೆ ಹತ್ತಿಸಿ ಬಂದ. ಅದಾದ ಕೆಲವೇ ದಿನಕ್ಕೆ ಹೊಳೆಯ ದಂಡೆಯಲ್ಲಿ ಅವಳ ಕೊಡ, ಒಗೆಯಲು ತಂದ ಬಟ್ಟೆ ಸಿಕ್ಕವು. ಅವಳು ಸಿಗಲಿಲ್ಲ. ಹೊಳೆ ತುಂಬಿತ್ತು, ಒಯ್ದಿರಬೇಕು ಎಂದರು. ಮೈ ಸಿಗದ್ದಕ್ಕೆ ಅವಳ ಸೀರೆಯೊಂದನ್ನು ಮಡಿಸಿ ಮಣ್ಣು ಮಾಡಿದರು. ನಿನ್ನ ತಂದೆ ನಿನ್ನನ್ನು ನಮ್ಮ ಕಟ್ಟೆಯ ಮೇಲೆ ಕೂರಿಸಿ ಹೋದವನು ಮತ್ತೆ ಬರಲಿಲ್ಲ. ಇಷ್ಟು ನಿನಗೆ ಗೊತ್ತು. ಆ ಹಾಡನ್ನು ಮಾತ್ರ ನಿನ್ನ ಆಯಿ, ಅಂದರೆ ನನ್ನ ಅವ್ವ, ಮನೆಯಲ್ಲಿ ಹಾಡಗೊಡಲಿಲ್ಲ. ಒಮ್ಮೆ ನಾನು ಗುನುಗಿದೆನೆಂದು ಬಾಯಿ ಮೇಲೆ ಹೊಡೆದಳು, ಆಮೇಲೆ ತಾನೇ ಅತ್ತಳು. ಹಾಗಾಗಿ ಈ ಲೋಕದಲ್ಲಿ ಆ ಹಾಡು ನನ್ನೊಬ್ಬಳ ತಲೆಯಲ್ಲಿ ಉಳಿದಿತ್ತು. ಹಾಗೆಂದು ನಂಬಿದ್ದೆ.

ಅದಾದ ಮೇಲೆ ಕೆಲವು ದಿನ ನಾನು ತರಗತಿಗೆ ಹೋಗಲಿಲ್ಲ. ನೆಟ್ ಇಲ್ಲ ಎಂದು ಉಮಾಳಿಗೆ ಸುಳ್ಳು ಹೇಳಿದೆ. ಕುಕ್ಕರಿನ ಹಬೆಯಲ್ಲಿ ಹಾಡು ಕೇಳುತ್ತಿತ್ತು. ಸಂತೆಯಲ್ಲಿ ಮುಂದೆ ಹೋಗುತ್ತಿದ್ದ ಹೆಂಗಸೊಬ್ಬಳ ಹೆಗಲು ಕಂಡು, ಅಕ್ಕನದೇ ಎನ್ನಿಸಿ, ಬದನೆಕಾಯಿ ಚೀಲ ಅಲ್ಲೇ ಬಿಟ್ಟು ಅವಳ ಹಿಂದೆ ಹೋದೆ. ಅವಳು ತಿರುಗಿ "ಏನ್ರಿ ಅಕ್ಕೋರ?" ಎಂದಳು. ನನ್ನ ಹಳೆಯ ವಿದ್ಯಾರ್ಥಿನಿ. ಆಗ ನೀನು ಫೋನ್ ಮಾಡಿ, ದನಿ ಯಾಕೆ ಹೀಗಿದೆ ಎಂದು ಕೇಳಿದ್ದೆ. ನೆಗಡಿ ಎಂದೆ. ನೆಗಡಿಯಲ್ಲ, ಇದು.

ಕೊನೆಗೆ ತರಗತಿಯ ವಾಟ್ಸಾಪ್ ಗುಂಪಿನಿಂದ ನಂಬರ್ ತೆಗೆದು ದೇವಕಮ್ಮನಿಗೆ ಫೋನ್ ಮಾಡಿದೆ. ಆ ಹಾಡು ಎಲ್ಲಿಯದು ಎಂದು ಕೇಳಿದೆ.

"ಅದಾ? ಅದು ನಮ್ಮ ಮಲ್ಲಿಕಮ್ಮಂದು ರಿ," ಎಂದರು. "ನಮ್ಮ ಅಂಗನವಾಡ್ಯಾಗ ಕೂಸುಗಳನ್ನ ಮಲಗಸ್ತಿದ್ದಳು. ಗಂಡು ಕೂಸಿದ್ರೂ ಭಾಗಿ ಅಂತೇ ಹಾಡಾಕಿ. ಹೆಸರು ಬದಲಸವ್ವ ಅಂದ್ರ ಕೇಳತಿರಲಿಲ್ಲ. ಈಗ ನಮ್ಮೂರಾಗ ಎಲ್ಲಾರ ಮನ್ಯಾಗೂ ಅದೇ ಹಾಡು."

ಭಾಗಿ, ನಾನು ಫೋನ್ ಹಿಡಿದು ಅಡುಗೆಮನೆಯ ನೆಲದ ಮೇಲೆ ಕುಳಿತುಬಿಟ್ಟೆ. ಒಂದು ಊರಿನ ಮಕ್ಕಳೆಲ್ಲ ನಿನ್ನ ಹೆಸರು ಕೇಳುತ್ತ ನಿದ್ದೆಹೋಗಿದ್ದಾರೆ.

ಮಲ್ಲಿಕಮ್ಮ ಎಲ್ಲಿಯವಳು ಎಂದು ಕೇಳಿದೆ. ದೇವಕಮ್ಮ ಹೇಳಿದರು. ಅವರ ಮಾವ ಮೌನಪ್ಪ ಕೃಷ್ಣಾ ಹೊಳೆಗೆ ಮೀನು ಹಿಡಿಯಲು ಹೋಗುತ್ತಿದ್ದ ಕಾಲ. ಒಂದು ಮುಂಜಾನೆ ದಂಡೆಯ ಜೊಂಡಿನಲ್ಲಿ ಹೆಣ್ಣೊಂದು ಸಿಕ್ಕಿಕೊಂಡಿರುವುದು ಕಂಡು, ಹೆಣವೆಂದು ಎಳೆದರೆ ಉಸಿರಿತ್ತಂತೆ. ಮನೆಗೆ ತಂದರು. ಆ ಮಳೆಗಾಲವೆಲ್ಲ ಮಾತಾಡಲಿಲ್ಲ. ಹೆಸರು ಕೇಳಿದರೆ ಕೊನೆಗೆ ಮಲ್ಲಿಕಮ್ಮ ಎಂದಳು. ಊರು ಕೇಳಿದರೆ ಊರಿಲ್ಲ ಎಂದಳು. ಮನೆಯ ಮಗಳ ಹಾಗೆ ಉಳಿದಳು. ಮೊದಮೊದಲು ಒಂದೇ ಸಲ "ಶಹಾಪುರಕ್ಕ ಹೋಗಿ ಒಂದು ಕೂಸಿನ ಮಾರಿ ನೋಡಿ ಬರ್ತೀನಿ" ಎಂದು ಬಸ್ಸು ಹತ್ತಿದವಳು, ಅದೇ ಸಂಜೆ ತಿರುಗಿ ಬಂದು, ಮತ್ತೆ ಎಂದೂ ಆ ಮಾತೆತ್ತಲಿಲ್ಲ.

ಅಂದಿನಿಂದ ನಾನು ಆ ಒಂದು ದಿನವನ್ನು ಹುಡುಕುತ್ತಿದ್ದೇನೆ. ಅವಳು ನಮ್ಮ ಓಣಿಗೆ ಬಂದ ದಿನ ಯಾವುದು? ಬಹುಶಃ ಮುತ್ಯಾ ಕಟ್ಟೆಯ ಮೇಲೆ ಕುಳಿತಿದ್ದ. ಬಹುಶಃ ನೀನು ನನ್ನ ಸೊಂಟದ ಮೇಲಿದ್ದೆ, ನನ್ನನ್ನು ಅವ್ವ ಎನ್ನುತ್ತಿದ್ದೆ. ಎದುರಿನ ಬೇವಿನ ಮರದ ಕೆಳಗೆ ಯಾರೋ ನಿಂತಿದ್ದರೇನೋ, ನಾನು ನೋಡಿದೆನೇನೋ. ಈಗ ಬಾಗಿಲು ತೆರೆದಾಗಲೆಲ್ಲ ಮೊದಲು ಆ ಮರದ ಕಡೆ ನೋಡುತ್ತೇನೆ. ಮರ ಕಡಿದು ಬಹಳ ವರ್ಷವಾಯಿತು. ಆದರೂ ನೋಡುತ್ತೇನೆ.

ಮೊನ್ನೆ ರವಿವಾರ ಬೋನಾಳಕ್ಕೆ ಹೋಗಿದ್ದೆ. ಸುರಪುರದಲ್ಲಿ ಬಸ್ಸಿಳಿದು ಆಟೋ ಹಿಡಿದೆ. ನೀನು ಫೋನ್ ಮಾಡಿದಾಗ ಗೆಳತಿಯ ಮನೆಗೆ ಹೋಗಿದ್ದೆ ಎಂದೆನಲ್ಲ, ಅದು ಸುಳ್ಳು. ದೇವಕಮ್ಮ ಆಟೋದ ಹತ್ತಿರವೇ ನಿಂತಿದ್ದರು. ಚಿಕ್ಕ ಚೌಕದಲ್ಲಿ ಮುಖ ಮಾತ್ರ ನೋಡಿದ್ದ ನಾವು ಒಬ್ಬರ ಎತ್ತರ ಒಬ್ಬರು ನೋಡಿ ಬೆರಗಾದೆವು. ಅವರು "ಹಿತ್ತಲದಾಗ ಅದಾಳ, ಬರ್ರಿ" ಎಂದಷ್ಟೇ ಹೇಳಿ ಕರೆದುಕೊಂಡು ಹೋದರು.

ಆಕೆ ಹಿತ್ತಲಲ್ಲಿ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕೂದಲು ಪೂರಾ ಬಿಳಿ. ನಿನ್ನ ಆಯಿಯೇ ಅಲ್ಲಿ ಕುಳಿತಿದ್ದಾಳೆ ಎನ್ನಿಸಿ ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಅದೇ ಹಣೆ, ಜೋಳ ಕೇರುವಾಗ ತುಟಿ ಒಂದು ಕಡೆ ಎಳೆಯುವ ಅದೇ ರೀತಿ.

"ನಾ ಶಹಾಪುರದಾಕಿ, ಪರಿಮಳಾ," ಎಂದೆ.

ಆಕೆಯ ಕೈ ನಿಲ್ಲಲಿಲ್ಲ. "ಕುಂದರ್ರಿ. ಬಿಸಲಾಗ ಬಂದೀರಿ. ನೀರು ಕೊಡವ್ವ ದೇವಕಿ."

"ತಿಮ್ಮವ್ವ ಅಂತ ನನ್ನ ಅಕ್ಕ ಇದ್ದಳು. ಹೊಳ್ಯಾಗ ಹೋದಳು ಅಂದ್ರು."

"ಹೊಳ್ಯಾಗ ಹೋದಾಕಿನ್ನ ಯಾಕ ಹುಡಕತೀರಿ? ತಿರುಗಿ ಬಂದಿದ್ರ ಮನ್ಯಾಗ ತಗೋತಿದ್ರೇನು?"

ತಗೋಬೇಕಾದ ಅಪ್ಪ, ಅವ್ವ ಈಗ ಇಬ್ಬರೂ ಇಲ್ಲ. ದೇವಕಮ್ಮ ಕೊಟ್ಟ ನೀರು ಕುಡಿದು, ಆ ಹಾಡಿನ ಭಾಗಿ ಯಾರು ಎಂದು ಕೇಳಿದೆ.

"ಒಂದು ಕೂಸು," ಎಂದಳು. "ಎಲ್ಲಾ ಕೂಸೂ ಒಂದೇ. ನಾ ಮಲ್ಲಿಕಮ್ಮ ರಿ. ನೀವು ತಪ್ಪು ಮನಿಗಿ ಬಂದೀರಿ."

ಒಡಹುಟ್ಟಿದ ತಂಗಿಗೆ "ರಿ" ಹಚ್ಚಿ ಮಾತಾಡಿದಳು ನೋಡು, ಅದು ನನ್ನನ್ನು ಬಹಳ ನೋಯಿಸಿತು. ಹಿಡಿದು ಅಲುಗಾಡಿಸಿ ಅಕ್ಕಾ ಎನ್ನಬೇಕೆನಿಸಿತು. ಆದರೆ ಅವಳು ಹೊಳೆಯಿಂದ ಎದ್ದು ಬಂದು ಕಟ್ಟಿಕೊಂಡ ಹೆಸರು ಅದು, ಅದನ್ನು ಕಿತ್ತುಕೊಳ್ಳಲು ನಾನು ಯಾರು? ಅದಕ್ಕೆ ನಾನೂ ಯಾರೋ ಪರಸ್ಥಳದವಳ ಹಾಗೆ ಕುಳಿತು, ಸುಮ್ಮನೆ ಊರ ಸುದ್ದಿ ಹೇಳುವಂತೆ ಹೇಳತೊಡಗಿದೆ. ನನ್ನ ಅಕ್ಕನ ಮಗಳು ರಾಯಚೂರಿನ ಸರ್ಕಾರಿ ದವಾಖಾನೆಯಲ್ಲಿ ನರ್ಸು, ಅವಳಿಗೆ ಇಬ್ಬರು ಮಕ್ಕಳು, ಅಳಿಯ ಒಳ್ಳೆಯವನು, ಕೈ ಎತ್ತಿದವನಲ್ಲ, ಎಂದೆ. ಆಕೆ ಕೇರುವುದನ್ನು ಬಿಡಲಿಲ್ಲ. ಆದರೆ ಮೊರದಲ್ಲಿ ಜೋಳ ಮುಗಿದಿತ್ತು, ಭಾಗಿ. ಖಾಲಿ ಮೊರವನ್ನು ಕೇರುತ್ತಿದ್ದಳು.

ಹೊರಟಾಗ ಆಕೆ ಬಾಗಿಲಿಗೆ ಬರಲಿಲ್ಲ. ಕೆರೆಯ ಮೇಲೆ ಹಕ್ಕಿಗಳು ಇಳಿಯುತ್ತಿದ್ದವು. ದೇವಕಮ್ಮ ನನ್ನ ಕೈ ಹಿಡಿದು, "ನಾ ಇಷ್ಟು ವರ್ಷ ಕೇಳಿಲ್ಲ ರಿ, ಇನ್ನೂ ಕೇಳೂದಿಲ್ಲ. ಆದರ ಮಂಗಳವಾರ ಕ್ಲಾಸಿಗಿ ಬರ್ರಿ, ತಪ್ಪಸಬ್ಯಾಡ್ರಿ" ಎಂದರು. ನಿನ್ನೆ ಹೋಗಿ ಕುಳಿತಿದ್ದೆ. ಎಲ್ಲರೂ ಹಾಡಿದರು, ನಾನು ಮೈಕ್ ಮುಚ್ಚಿಕೊಂಡು ಬಾಯಿ ಆಡಿಸಿದೆ.

ನನ್ನ ಮನಸ್ಸಿಗೆ ಸಂಶಯವಿಲ್ಲ. ಆದರೆ ಆಕೆ ಅಲ್ಲವೆಂದ ಮೇಲೆ ಹೌದೆಂದು ನಿನಗೆ ಹೇಳಬಹುದೇ, ಗೊತ್ತಿಲ್ಲ. ಮುಚ್ಚಿಟ್ಟರೆ, ಬದುಕಿರುವವಳಿಗೆ ನೀನು ಎಡೆ ಇಡುವುದನ್ನು ನೋಡುತ್ತ ಕೂರಬೇಕು. ಅದು ನನ್ನಿಂದಾಗದು. ಸಿಟ್ಟು ಬಂದರೆ ನನ್ನ ಮೇಲೆ ಮಾಡು, ಆಕೆಯ ಮೇಲೆ ಬೇಡ. ಅಮಾವಾಸ್ಯೆಯ ದಿನ ಏನು ಮಾಡಬೇಕೆಂದು ನಾನು ಹೇಳಲಾರೆ. ಬೋನಾಳಕ್ಕೆ ಹೋಗಬೇಕೆನಿಸಿದರೆ ಒಬ್ಬಳೇ ಹೋಗಬೇಡ, ನಾನೂ ಬರುತ್ತೇನೆ.

ಮಕ್ಕಳನ್ನು ಎದೆಗೊತ್ತಿಕೊಂಡೆ ಎಂದು ತಿಳಿಸು.

ಹೆರದೆಯೂ ನಿನ್ನ ತಾಯಿಯಾದ
ಚಿಗವ್ವ ಪರಿಮಳಾ

ತಾ.ಕ.: ಶುಕ್ರವಾರ ಸಂಜೆ. ಅಂಚೆಗೆ ಹಾಕುವ ಧೈರ್ಯವಾಗದೆ ಪತ್ರವನ್ನು ಇಟ್ಟುಕೊಂಡೇ ಇದ್ದೆ. ಇವತ್ತು ತರಗತಿ ಮುಗಿದು ಎಲ್ಲರೂ ಹೋದರು. ದೇವಕಮ್ಮನ ಚೌಕ ಮಾತ್ರ ಹೋಗಲಿಲ್ಲ. ನಾನೂ ಹೋಗಲಿಲ್ಲ. ಚಿತ್ರ ಅಲುಗಾಡಿತು, ಫೋನ್ ಯಾರದೋ ಕೈಗೆ ಹೋಯಿತು. ಸೆರಗು ಹೊದ್ದ ಬಿಳಿ ತಲೆ. ಆಕೆ ನನ್ನ ಕಡೆ ನೋಡಲಿಲ್ಲ. "ಆಕಿ ಎಡಗಿವಿ ಸೋರತಿತ್ತಲ್ಲ, ನಿಂತದೇನು?" ಎಂದಳು. ನಮ್ಮ ಮನೆಗೆ ಬಂದಾಗ ನಿನ್ನ ಎಡಗಿವಿ ಸೋರುತ್ತಿತ್ತು, ಭಾಗಿ. ಆಯಿ ದಿನಾ ಹತ್ತಿ ಇಡುತ್ತಿದ್ದಳು, ಒಂದು ಬೇಸಿಗೆಯಲ್ಲಿ ತಾನಾಗಿ ವಾಸಿಯಾಯಿತು. ನಿನಗೂ ನಾನು ಇದನ್ನು ಹೇಳಿರಲಿಲ್ಲ. "ನಿಂತದ, ಅಕ್ಕಾ," ಎಂದೆ. ಹಾಗೆ ಕರೆದದ್ದಕ್ಕೆ ಆಕೆ ಏನೂ ಅನ್ನಲಿಲ್ಲ.